ಕುಶಲಕ್ಕ ನೆಕ್ಕಿದ ಹೊಯ್ಗೆ

ಬಿಕರ್ನಕಟ್ಟೆಯ ಕುಶಲಕ್ಕನ ಮನೆ ರಿಪೇರಿಗೆಂದು ಬಂದ ಮೊದಲನೆಯ ಕಂಟ್ರಾಕ್ಟರನ ಹಣೆಗೆ ಮೂರು ಹೊಲಿಗೆ ಬಿತ್ತು. ಬಲ್ಮಠದಲ್ಲಿ ಆಫೀಸು ಇಟ್ಟುಕೊಂಡಿದ್ದ ಮೋಹನದಾಸ್ ಎಂಬ ಆ ಮನುಷ್ಯ, ಪಾಪ, ಕೆಟ್ಟವನೇನೂ ಅಲ್ಲ. ಕಂಕುಳಲ್ಲಿ ನಕ್ಷೆಯ ಸುರುಳಿ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇಂಗ್ಲಿಷು. ಚಾವಡಿಯ ಮೇಲೆ ಅರ್ಧ ಮುರಿದು ನಿಂತಿದ್ದ ಸ್ಲ್ಯಾಬನ್ನು ತಲೆಯೆತ್ತಿ ನೋಡಿ ಲೊಚಗುಟ್ಟಿ, “ನಿಮ್ಮ ಯಜಮಾನರು ಒಂದು ನಾಲ್ಕು ಫೀಟು ಆಚೆ ಕೂತಿದ್ದರೆ ಬಚಾವಾಗ್ತಿದ್ದರು ಅಲ್ವಾ?” ಅಂದ. ಅಷ್ಟೇ ಅಂದದ್ದು. ಅವನಿಗೇ ಎಂದು ಬೆಲ್ಲದ ಜೊತೆ ತಂದ ನೀರಿನ ಹಿತ್ತಾಳೆ ಚೆಂಬು ಕುಶಲಕ್ಕನ ಕೈಯಲ್ಲಿತ್ತು. ನೀರು ನಕ್ಷೆಗೆ ಬಿತ್ತು, ಚೆಂಬು ಹಣೆಗೆ ಬಿತ್ತು. “ಎಂಥ ಸಾವು ಮಾರಾಯ್ರೆ!” ಎಂದು ಕೂಗುತ್ತಾ ಮೋಹನದಾಸ್ ತಲೆ ಹಿಡಿದುಕೊಂಡು ಗೇಟು ದಾಟಿದ. ಒಂದು ಪೆನ್ನು ಅಂಗಳದಲ್ಲೇ ಉಳಿಯಿತು.

ಕುಶಲಕ್ಕ ಅಂದರೆ ಹಾಗೆಯೇ. ಕೈ ಮೊದಲು, ಮಾತು ಆಮೇಲೆ. ಶಾಲೆಯಲ್ಲಿ ಜಡೆ ಎಳೆದ ಹುಡುಗನ ಕಿವಿಯನ್ನು ರಕ್ತ ಬರುವ ಹಾಗೆ ಕಚ್ಚಿದವರು. ಬಸ್ಸಿನಲ್ಲಿ ಮೈಮೇಲೆ ಬಿದ್ದವನೊಬ್ಬನನ್ನು ಕೊರಳಪಟ್ಟಿ ಹಿಡಿದು ಕಂಕನಾಡಿಯಲ್ಲಿ ಇಳಿಸಿ, ಚಪ್ಪಲಿ ಕಿತ್ತುಹೋಗುವವರೆಗೆ ಬಾರಿಸಿ, ಬರಿಗಾಲಲ್ಲಿ ಮನೆಗೆ ನಡೆದು ಬಂದವರು. ಇಂಥವರಿಗೆ ದೇವರು ಜೋಡಿ ಮಾಡಿದ್ದು ಅಣ್ಣು ಶೆಟ್ಟರನ್ನು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಕಾಗೆ ಓಡಿಸಲಿಕ್ಕೂ ಸ್ವರ ಎತ್ತದ ಮನುಷ್ಯ. ಹೆಂಡತಿ ಯಾರ ಮೇಲೆ ಉರಿದು ಬಿದ್ದರೂ ಅವರದ್ದು ಒಂದೇ ಮಾತು: “ಇರಲಿ ಮಾರಾಯ್ತಿ.” ಆ ಮಾತು ಕೇಳಿದರೆ ಕುಶಲಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮಾತು ನಿಂತುಹೋದ ಮೇಲೆ ಮನೆಯಲ್ಲಿ ಇರಲಿಕ್ಕೇ ಆಗುತ್ತಿರಲಿಲ್ಲ.

ಸ್ಲ್ಯಾಬ್ ಹಾಕಿದ್ದು ಎಪ್ಪತ್ತೈದರಲ್ಲಿ. ಭೂಮಸೂದೆ ಬಂದು ಗೇಣಿಗೆ ಕೊಟ್ಟಿದ್ದ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾಗಿದ್ದವು. ಇವರು ಮುಳುಗಿದರು ಎಂದು ನೆಂಟರು ಮದುವೆಮನೆಗಳಲ್ಲಿ ಪಿಸುಗುಟ್ಟುವುದು ಕುಶಲಕ್ಕನ ಕಿವಿಗೆ ಬಿತ್ತು. ತಾಯಿಯಿಂದ ತನಗೆ ಬಂದ ಮನೆ. ಆ ಮನೆಯ ಚಾವಡಿಯ ಹಂಚು ಇಳಿಸಿ, ಚಾವಡಿಗೂ ಪಕ್ಕದ ಕೋಣೆಗೂ ಸೇರಿಸಿ ತಾರಸಿ ಹಾಕಿಸಿಯೇ ಬಿಟ್ಟರು. ಕೆಲಸ ಮಾಡಿದ್ದು ಅವರ ಒಬ್ಬನೇ ತಮ್ಮ ಚಿತ್ತರಂಜನ. ಅವನು ಕಂಟ್ರಾಕ್ಟರಾಗಿ ಹಾಕಿದ ಮೊದಲ ಸ್ಲ್ಯಾಬ್ ಅದು. ಪತ್ತನಾಜೆಗೆ ಎರಡು ದಿನ ಇರುವಾಗ ಗೃಹಪ್ರವೇಶ ಮಾಡಿ ಮನೆ ಒಕ್ಕಲಾಯಿತು. ಮೇ ತಿಂಗಳ ಕೊನೆಗೆ ಬರುವ ಆ ಪತ್ತನಾಜೆ ಕಳೆದರೆ ನಮ್ಮಲ್ಲಿ ಭೂತಕೋಲ ಇಲ್ಲ, ಯಕ್ಷಗಾನದ ಆಟ ಇಲ್ಲ, ಯಾವ ಜಂಬರವೂ ಇಲ್ಲ. ಎಲ್ಲರೂ ಗೆಜ್ಜೆ ಬಿಚ್ಚಿಟ್ಟು ಮಳೆಗೆ ಕಾಯುವುದು. ಪಿಸುಗುಟ್ಟಿದ ನೆಂಟರೆಲ್ಲ ಬಂದು ಹೊಸ ಸ್ಲ್ಯಾಬಿನ ಅಡಿಯಲ್ಲಿ ಕೂತು ಕೋಳಿ ರೊಟ್ಟಿ ತಿಂದು ಹೋದರು. ಕುಶಲಕ್ಕನಿಗೆ ಅವತ್ತು ಆದಷ್ಟು ಸಂತೋಷ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ.

ಎಂಬತ್ತೊಂದರ ಜುಲೈಯಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆಗೆ, ಅದೇ ಸ್ಲ್ಯಾಬ್ ಅರ್ಧಕ್ಕೆ ಕಳಚಿ ಬಿತ್ತು. ಅಡಿಯಲ್ಲಿ ಈಸಿಚೇರಿನಲ್ಲಿ ಅಣ್ಣು ಶೆಟ್ಟರು ಪೇಪರು ಓದುತ್ತಿದ್ದರು. ಕುಶಲಕ್ಕ ಅಡುಗೆಮನೆಯಿಂದ ಓಡಿ ಬಂದು ಬರಿಗೈಯಲ್ಲೇ ಕಾಂಕ್ರೀಟು ಎಳೆದರು. ಉಗುರು ಎದ್ದುಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೈಗೆ ಮೊದಲು ಸಿಕ್ಕಿದ್ದು ಕನ್ನಡಕದ ಒಂದು ಕಡ್ಡಿ. ಆಮೇಲೆ ಸಿಕ್ಕಿದ್ದನ್ನು ಅವರು ಜೀವಮಾನದಲ್ಲಿ ಯಾರಿಗೂ ಹೇಳಲಿಲ್ಲ.

ಓಡೋಡಿ ಬಂದ ಚಿತ್ತರಂಜನ ರಾಶಿಯಿಂದ ಒಂದು ಸರಳು ಎಳೆದು ತೋರಿಸಿದ. ಕೆಂಪಗೆ ತುಕ್ಕು ಹಿಡಿದು ಕಡ್ಡಿಯಷ್ಟು ಸಪೂರ ಆಗಿತ್ತು. “ನೋಡು ಅಕ್ಕ, ಆ ಪೊರ್ಬು ನಮಗೆ ಹಾಳು ಕಬ್ಬಿಣ ಕೊಟ್ಟಿದ್ದಾನೆ” ಎಂದು ಅತ್ತ. ಕ್ರಿಶ್ಚಿಯನರಿಗೆ ನಮ್ಮ ಕಡೆ ಪೊರ್ಬುಗಳು ಎನ್ನುವುದು; ಈ ಪೊರ್ಬು ಎಂದರೆ ಬಂದರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಹ್ಯೂಬರ್ಟ್. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಕುಶಲಕ್ಕ ಬಿಳಿ ಸೀರೆಯಲ್ಲಿ ಬಸ್ಸು ಹತ್ತಿ ಬಂದರಿಗೆ ಹೋದರು. ಹ್ಯೂಬರ್ಟರು ಗಿರಾಕಿ ಎಂದುಕೊಂಡು, “ಬನ್ನಿ, ಎಂತ ಬೇಕಿತ್ತು?” ಎಂದು ಎದ್ದರು. ಕುಶಲಕ್ಕ ಅಂಗಡಿಯ ಬಾಗಿಲಲ್ಲಿದ್ದ ಅರ್ಧ ಇಂಚಿನ ಸರಳು ತೆಗೆದು ಬೀಸಿದರು. ಮೊದಲ ಪೆಟ್ಟು ಹೆಗಲಿಗೆ, ಎರಡನೆಯದು ತಲೆ ಕಾಯಲಿಕ್ಕೆ ಎತ್ತಿದ ಬಲಗೈ ಮಣಿಕಟ್ಟಿಗೆ. ಲಟಕ್ ಎಂದು ಎಲುಬು ಮುರಿದ ಸದ್ದು ಎದುರಿನ ಗೋದಾಮಿನವರೆಗೂ ಕೇಳಿತಂತೆ. ಹ್ಯೂಬರ್ಟರು ಪೊಲೀಸಿಗೆ ಹೋಗಲಿಲ್ಲ. “ಗಂಡ ಸತ್ತ ಹೆಂಗಸು, ಬಿಡಿ” ಅಂದರಂತೆ. ಕೈ ಮಾತ್ರ ಆಮೇಲೆ ನೆಟ್ಟಗಾಗಲೇ ಇಲ್ಲ. ಕುಶಲಕ್ಕ ಈ ಕಥೆಯನ್ನು ಮೂರು ವರ್ಷ ಎಲೆಅಡಿಕೆ ಹಾಕಿಕೊಂಡು ಹೇಳಿದ್ದೇ ಹೇಳಿದ್ದು. ಹೇಳುವಾಗ ಕೊನೆಗೆ ಒಂದು ಮಾತು ಇದ್ದೇ ಇರುತ್ತಿತ್ತು: “ತಲೆಗೇ ಬೀಳಬೇಕಿತ್ತು.”

ಈಗ ಎಂಬತ್ತನಾಲ್ಕರ ಮಾರ್ಚ್. ಬೈಕಂಪಾಡಿಯಲ್ಲಿ ಗಂಡನ ಜೊತೆಗಿದ್ದ ಮಗಳು ಶಶಿಪ್ರಭಾಗೆ ಚೊಚ್ಚಲ ಬಸಿರು. ಏಳನೇ ತಿಂಗಳಿಗೆ ಸೀಮಂತದ ಬಯಕೆ ಮುಗಿಸಿ ತಾಯಿಮನೆಗೆ ಬರಬೇಕು, ಜೂನಿನಲ್ಲಿ ಹೆರಿಗೆ. ಬಾಣಂತಿಗೆ ಇರುವುದು ಚಾವಡಿಯ ಪಕ್ಕದ ಅದೇ ಕೋಣೆ, ಅದರ ಮೇಲೆ ಇರುವುದು ಬೀಳದೆ ಉಳಿದ ಅದೇ ಅರ್ಧ ಸ್ಲ್ಯಾಬ್. ಮೂರು ವರ್ಷದಿಂದ ಅದಕ್ಕೆ ತೆಂಗಿನ ಕಾಂಡದ ಊರೆ ಕೊಟ್ಟು ನಿಲ್ಲಿಸಿದ್ದರು. ಆ ಕೋಣೆಗೆ ಹೋದರೆ ಕುಶಲಕ್ಕನ ಕಣ್ಣು ತಾನಾಗಿ ಮೇಲೆ ಹೋಗುತ್ತಿತ್ತು. ಮಗಳು, ಮಗಳ ಹೊಟ್ಟೆಯಲ್ಲಿರುವುದು, ಎರಡೂ ಅದರ ಅಡಿಯಲ್ಲಿ ಮಲಗಬೇಕು. ಹಾಗಾಗಿ ಈ ಸಲ ಕಂಟ್ರಾಕ್ಟರನನ್ನು ಹುಡುಕುವುದೆಂದರೆ ಅವರಿಗೆ ಜೀವಕ್ಕೆ ಕಾವಲು ಹುಡುಕಿದ ಹಾಗೆ. ತಮ್ಮನಿಗೆ ಮಾತ್ರ ಹೇಳಲಿಲ್ಲ. ಅವನೀಗ ದೊಡ್ಡ ಕಂಟ್ರಾಕ್ಟರು, ಗಲ್ಫಿನಿಂದ ಬಂದವರಿಗೆಲ್ಲ ಅವನೇ ಮನೆ ಕಟ್ಟುವುದು. ಅವನ ಮೇಲೆ ಸಂಶಯವೂ ಇರಲಿಲ್ಲ. ಆದರೆ ಅವನು ಚಾವಡಿಯಲ್ಲಿ ನಿಂತು ಮಾತಾಡಿದರೆ ಕುಶಲಕ್ಕನಿಗೆ ಆ ದಿನದ ಸದ್ದು ಪುನಃ ಕೇಳುತ್ತಿತ್ತು. ಅದನ್ನು ಬಾಯಿಬಿಟ್ಟು ಅವನಿಗೆ ಹೇಳುವುದು ಹೇಗೆ?

ಮೋಹನದಾಸ್ ಹೊಲಿಗೆ ಹಾಕಿಸಿಕೊಂಡು ಹೋದ ವಾರದಲ್ಲಿ ರವೂಫ್ ಬಂದ. ಬ್ಯಾರಿಗಳ ಪೈಕಿ, ಅಪ್ಪನ ಕಾಲದಿಂದಲೂ ಗಾರೆ ಕೆಲಸ. ಚಪ್ಪಲಿ ಅಂಗಳದಲ್ಲೇ ಬಿಟ್ಟು, ಏಣಿ ಇಟ್ಟುಕೊಂಡು, ಅರ್ಧ ಗಂಟೆ ಒಂದು ಮಾತಿಲ್ಲದೆ ಸುತ್ತಿಗೆಯ ಹಿಡಿಯಿಂದ ಸ್ಲ್ಯಾಬನ್ನು ತಟ್ಟಿ ತಟ್ಟಿ ಕಿವಿ ಕೊಟ್ಟು ಕೇಳಿದ. ಕುಶಲಕ್ಕನಿಗೆ ತಾಳ್ಮೆ ಎಲ್ಲಿಂದ?

“ಸಾಯ್ಬರೇ, ಪತ್ತನಾಜೆಗೆ ಮೊದಲು ಮುಗೀತದಾ ಇಲ್ವಾ? ಅಷ್ಟು ಹೇಳಿ.”

“ಇಲ್ಲ ಅಕ್ಕ.”

“ಎಂತ ಇಲ್ಲ? ಬೇರೆಯವರು ಇಪ್ಪತ್ತೈದು ದಿನ ಸಾಕು ಅಂತಾರೆ.”

“ಅವರಿಗೇ ಕೊಡಿ ಹಾಗಾದ್ರೆ. ಹಳೆಯದನ್ನು ಪೂರ್ತಿ ಒಡೆದು ತೆಗೀಬೇಕು. ಅಷ್ಟರಲ್ಲಿ ಮಳೆ ಬರ್ತದೆ. ಮಳೆಯಲ್ಲಿ ನಾನು ಸ್ಲ್ಯಾಬ್ ಹಾಕುದಿಲ್ಲ. ನವೆಂಬರ್‌ಗೆ ಹಾಕುವ.”

“ನವೆಂಬರಾ? ನನ್ನ ಮಗಳು ಎಲ್ಲಿ ಹೆರುದು, ನಿಮ್ಮ ತಲೆ ಮೇಲಾ?”

ಕುಶಲಕ್ಕನ ಕೈ ಮೂಲೆಯಲ್ಲಿದ್ದ ಕಸ ಗುಡಿಸುವ ಹಿಡಿಸೂಡಿಯ ಕಡೆಗೆ ಹೋಗಿತ್ತು. ಅಷ್ಟರಲ್ಲಿ ಗೇಟಿನ ಹೊರಗೆ ಬುಲೆಟ್ ಬೈಕಿನ ಸದ್ದು. ಮೋಹನದಾಸನಿಂದ ಸುದ್ದಿ ತಿಳಿದ ಚಿತ್ತರಂಜನ ಕಣ್ಣು ಕೆಂಪು ಮಾಡಿಕೊಂಡು ಬಂದಿದ್ದ.

“ಸೋದರಮಾವ ನಾನು ಬದುಕಿದ್ದೇನೆ ಅಕ್ಕ! ಹುಡುಗಿಯ ಬಾಣಂತಿ ಕೋಣೆಗೆ ಹೊರಗಿನವನು ಬರುದಾ? ಊರಿನವರು ನನ್ನ ಮುಖಕ್ಕೆ ಉಗಿಯಲಿಕ್ಕಾ? ಏ, ಇಳಿಯಾ ಕೆಳಗೆ!”

ರವೂಫ್ ಆಗ ಮುರಿದ ಅಂಚಿನಿಂದ ಒಂದು ತುಂಡು ಕಾಂಕ್ರೀಟು ಬಿಡಿಸುತ್ತಿದ್ದ. ಇಳಿಯಲು ಕಾಲು ತೆಗೆಯುವ ಮೊದಲೇ ಚಿತ್ತರಂಜನ ಏಣಿಯನ್ನು ಒದ್ದ. ರವೂಫ್ ಹತ್ತಡಿ ಮೇಲಿಂದ ಮುಖ ಅಡಿಯಾಗಿ ಬಿದ್ದ. ಬಿದ್ದವನ ಪಕ್ಕೆಗೆ ಎರಡು ಒದೆ. ಮೂರನೆಯದಕ್ಕೆ ಕಾಲೆತ್ತುವಾಗ ಕುಶಲಕ್ಕ ತೆಂಗಿನ ಗರಿಯ ಹಸಿ ಕೊತ್ತಳಿಗೆ ಎತ್ತಿ ತಮ್ಮನ ಬೆನ್ನಿಗೆ ಬಾರಿಸಿದರು. ಅಂಗಿ ಹರಿಯಿತು.

“ನನ್ನ ಅಂಗಳದಲ್ಲಿ ಹೊಡೆಯುದಿದ್ದರೆ ನಾನು ಹೊಡೆಯುದು! ನೀನು ಯಾರಾ?”

ರವೂಫ್ ಎದ್ದು ಕೂತ. ಮೇಲ್ತುಟಿ ಸೀಳಿ ರಕ್ತ ಗಡ್ಡಕ್ಕೆ ಇಳಿಯುತ್ತಿತ್ತು. ಒಡೆದ ತುಂಡು ಮಾತ್ರ ಮುಷ್ಟಿಯಲ್ಲೇ ಇತ್ತು. ಅದನ್ನು ಕುಶಲಕ್ಕನ ಮುಂದೆ ಹಿಡಿದ.

“ನಿಮ್ಮ ಕೆಲಸ ನನಗೆ ಬೇಡ ಅಕ್ಕ. ಆದರೆ ಇದನ್ನು ಒಮ್ಮೆ ನೆಕ್ಕಿ ನೋಡಿ. ಮತ್ತೆ ನಾನು ಹೋಗ್ತೇನೆ.”

ಚಿತ್ತರಂಜನ ಆ ತುಂಡನ್ನು ಕಸಿಯಲು ನುಗ್ಗಿದ. ಅಲ್ಲಿಗೆ ಕುಶಲಕ್ಕ ತಮ್ಮನ ಮುಖ ನೋಡಿದರು. ಸಿಟ್ಟು ಹೋಗಿ ಹೆದರಿಕೆ ಬಂದಿತ್ತು ಆ ಮುಖದಲ್ಲಿ. ಚಿಕ್ಕವನಿದ್ದಾಗ ಉಪ್ಪಿನಕಾಯಿ ಭರಣಿ ಒಡೆದು ಬಾಗಿಲ ಹಿಂದೆ ನಿಂತದ್ದು ಇದೇ ಮುಖ. ಅವರು ತುಂಡನ್ನು ತಗೊಂಡು ನಾಲಗೆಗೆ ಮುಟ್ಟಿಸಿದರು.

ಉಪ್ಪು.

ಬೆಳಕಿಗೆ ಹಿಡಿದು ನೋಡಿದರು. ಉಗುರಿನ ಚೂರಿನ ಹಾಗೆ ಬಿಳಿ ಬಿಳಿ ಚಿಪ್ಪುಗಳು.

“ಹೊಳೆಯ ಹೊಯ್ಗೆ ಅಲ್ಲ ಇದು” ಅಂದ ರವೂಫ್. ಮರಳಿಗೆ ನಮ್ಮ ಕಡೆ ಹೊಯ್ಗೆ ಎನ್ನುವುದು. “ಸಮುದ್ರದ್ದು. ಇದರ ಉಪ್ಪು ಒಳಗಿಂದಲೇ ಕಬ್ಬಿಣ ತಿಂತದೆ. ಎಷ್ಟು ಒಳ್ಳೆ ಕಬ್ಬಿಣ ಹಾಕಿದರೂ ಆರೇಳು ವರ್ಷ, ಅಷ್ಟೇ.”

ಎಷ್ಟು ಒಳ್ಳೆ ಕಬ್ಬಿಣ ಹಾಕಿದರೂ. ಕುಶಲಕ್ಕನ ಕಿವಿಯಲ್ಲಿ ಲಟಕ್ ಎಂದಿತು.

ಆಮೇಲೆ ಆದದ್ದನ್ನು ಬೇಲಿಯ ಆಚೆ ನಿಂತವರೂ ಸರಿಯಾಗಿ ನೋಡಲಿಲ್ಲ, ಅಷ್ಟು ಬೇಗ ಆಯಿತು. ಕುಶಲಕ್ಕ ತಮ್ಮನ ತಲೆಕೂದಲಿಗೆ ಕೈ ಹಾಕಿ ಎಳೆದು ಮೊಣಕಾಲೂರಿಸಿದರು. ಐವತ್ತು ವರ್ಷದ ಹೆಂಗಸು, ಎತ್ತಿನಂಥ ಗಂಡಸನ್ನು! ಇನ್ನೊಂದು ಕೈಯಿಂದ ಆ ತುಂಡನ್ನು ಅವನ ಬಾಯಿಗೆ ತುರುಕಿ ಅಂಗೈಯಿಂದ ಗುದ್ದಿದರು. “ತಿನ್ನು! ನೀನೇ ಹಾಕಿದ್ದಲ್ವಾ, ತಿನ್ನು! ನನ್ನ ಗಂಡನನ್ನು ತಿಂದೆ, ಇದನ್ನೂ ತಿನ್ನು!” ಎದುರಿನ ಹಲ್ಲು ಮುರಿದು ಗಲ್ಲಕ್ಕೆ ಅಂಟಿತು. ಚಿತ್ತರಂಜನ ಉಸಿರುಕಟ್ಟಿ ಒದ್ದಾಡಿ, ಅಕ್ಕನ ಕೈ ಕಚ್ಚಿ ಬಿಡಿಸಿಕೊಂಡು, ರಕ್ತವನ್ನೂ ಹೊಯ್ಗೆಯನ್ನೂ ಒಟ್ಟಿಗೆ ಉಗಿದ.

“ಕೊಲ್ಲು! ಕೊಂದುಬಿಡು!” ಎಂದು ಕಿರುಚಿದ. “ಆದರೆ ನನಗೆ ಗಡಿಬಿಡಿ ಮಾಡಿದ್ದು ಯಾರು? ಆ ಸಲ ದೋಣಿಯವರು ಮುಷ್ಕರ ಮಾಡಿ ಹನ್ನೆರಡು ದಿನ ಹೊಳೆಯಿಂದ ಒಂದು ಬುಟ್ಟಿ ಹೊಯ್ಗೆ ಬರಲಿಲ್ಲ. ಮಳೆ ಕಳೆದು ಹಾಕುವ ಅಂತ ನಾನು ನಿನ್ನ ಕಾಲು ಹಿಡಿದೆ. ಭಾವನೂ ಹೇಳಿದರು. ನೀನು ಎಂತ ಹೇಳಿದ್ದು? ಪತ್ತನಾಜೆಗೆ ಮೊದಲು ಒಕ್ಕಲಾಗದಿದ್ದರೆ ಈ ಮನೆಯ ಮೆಟ್ಟಿಲು ಹತ್ತಬೇಡ, ನಿನ್ನ ಹೆಣಕ್ಕೂ ನಾನು ಬರುದಿಲ್ಲ ಅಂತ ಕತ್ತಿ ಹಿಡಿದು ನಿಂತದ್ದು ನೀನಲ್ವಾ? ನನಗೆ ಆಗ ಇಪ್ಪತ್ತೈದು ವರ್ಷ. ನೀನಂದರೆ ಹೆದರಿಕೆ ನನಗೆ, ಅಕ್ಕ. ಹೆದರಿ ಹಾಕಿದ್ದು. ಹೆದರಿ ಪೊರ್ಬುವಿನ ಹೆಸರು ಹೇಳಿದ್ದು.”

ಕುಶಲಕ್ಕನಿಗೆ ಕತ್ತಿ ಹಿಡಿದದ್ದು ನೆನಪಾಯಿತು. ತೆಂಗಿನಕಾಯಿ ಸುಲಿಯುತ್ತಿದ್ದ ಕತ್ತಿ. ಪಕ್ಕದಲ್ಲಿ ಅಣ್ಣು ಶೆಟ್ಟರು ನಿಂತು, “ಇರಲಿ ಮಾರಾಯ್ತಿ, ಮಳೆ ಕಳೀಲಿ” ಅಂದದ್ದೂ ನೆನಪಾಯಿತು. ಅವರನ್ನು ಕೂಡ ಬೈದಿದ್ದರು: ನಿಮ್ಮಂಥ ಷಂಡರಿಂದಲೇ ಗದ್ದೆ ಹೋದದ್ದು ಎಂದು.

ಅಂಗಳದಲ್ಲಿ ಬಿದ್ದಿದ್ದ ಇನ್ನೊಂದು ತುಂಡನ್ನು ಹೆಕ್ಕಿ ಕುಶಲಕ್ಕ ತಮ್ಮದೇ ಬಾಯಿಗೆ ಹಾಕಿಕೊಂಡರು. ಕರಕರ ಎಂದು ಜಗಿದರು. ತುಟಿಯ ಅಂಚಿನಲ್ಲಿ ಕೆಂಪು ನೀರು ಇಳಿಯಿತು. ನುಂಗಲು ನೋಡಿದಾಗ ರವೂಫ್ ಬಂದು ಕೈ ಹಿಡಿದ. “ಸಾಕು ಅಕ್ಕ, ಉಗೀರಿ” ಅಂದ. ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು:

“ಯಾವಾಗ ಸುರು ಮಾಡ್ತೀರಿ?”

“ಬೇಡ ಅಂದೆನಲ್ಲ ನಾನು.”

“ನನಗೆ ಹೆದರಿ ಹ್ಞೂಂ ಅಂದವನಿಂದ ಒಂದು ಜೀವ ಹೋಗಿದೆ ಸಾಯ್ಬರೇ. ಆಗುದಿಲ್ಲ ಅಂತ ಮುಖಕ್ಕೆ ಹೇಳಿದವರು ನೀವು ಒಬ್ಬರೇ. ನಿಮ್ಮ ಕಾಲು ಹಿಡಿಯಬೇಕಾ, ಹಿಡೀತೇನೆ.”

ರವೂಫ್ ಸೀಳಿದ ತುಟಿಯ ರಕ್ತವನ್ನು ತೋಳಿನಿಂದ ಒರೆಸಿಕೊಂಡ. ಕೊನೆಗೆ, “ಕಬ್ಬಿಣ ಹ್ಯೂಬರ್ಟ್ ಪೊರ್ಬುಗಳ ಅಂಗಡಿಯದ್ದೇ ಆಗಬೇಕು. ನಾನು ಬೇರೆ ಕಡೆಯಿಂದ ತರುದಿಲ್ಲ” ಅಂದ.

“ನಾನೇ ಹೋಗ್ತೇನೆ.”

ಹೋದರು. ಮರುದಿನ ಹತ್ತು ಗಂಟೆಗೆ, ಅದೇ ಬಸ್ಸು ಹತ್ತಿ. ಕುಶಲಕ್ಕನನ್ನು ಕಂಡದ್ದೇ ಅಂಗಡಿಯ ಕೆಲಸದವರು ಸರಳುಗಳನ್ನೆಲ್ಲ ಒಳಗೆ ಎಳೆದುಕೊಂಡರು. ಹ್ಯೂಬರ್ಟರು ಎಡಗೈಯಲ್ಲಿ ಏನೋ ಬರೆಯುತ್ತಿದ್ದರು. ಬಲಗೈ ಗಾಳದ ಹಾಗೆ ಒಳಕ್ಕೆ ಬಾಗಿ ಮಡಿಲಲ್ಲಿತ್ತು. ಕುಶಲಕ್ಕ ಸರಳು ಕತ್ತರಿಸುವ ಅಡಿಗಲ್ಲಿನ ಮೇಲೆ ತಮ್ಮ ಬಲಗೈ ಚಾಚಿ ಇಟ್ಟರು.

“ಕಬ್ಬಿಣದ್ದು ತಪ್ಪಲ್ಲ ಪೊರ್ಬುಗಳೇ. ಹೊಯ್ಗೆಯದ್ದು. ನಮ್ಮದು. ಹೊಡೆಯಿರಿ.”

ಬೀದಿ ಎಲ್ಲ ನಿಂತು ನೋಡಿತು. ಹ್ಯೂಬರ್ಟರು ಎದ್ದು ಬಂದರು. ಎಡಗೈಯಲ್ಲಿ ಅರ್ಧ ಇಂಚಿನ ಸರಳು ಎತ್ತಿದರು. ಹೊಡೆಯುವ ಮನಸ್ಸು ಇದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಕುಶಲಕ್ಕ ಕಣ್ಣು ಮುಚ್ಚಲಿಲ್ಲ. ಸರಳು ಗಾಳಿ ಸೀಳಿ ಬಂದು ಅವರ ಬೆರಳಿನಿಂದ ಒಂದು ಇಂಚು ಆಚೆ ಕಲ್ಲಿಗೆ ಬಡಿಯಿತು. ಕಿಡಿ ಹಾರಿತು. ಸರಳು ಬಗ್ಗಲಿಲ್ಲ.

“ಅವತ್ತು ಕೊಟ್ಟದ್ದೂ ಇದೇ ಕಬ್ಬಿಣ” ಅಂದರು ಹ್ಯೂಬರ್ಟರು. “ಹೊಡೆಯುವ ಮೊದಲು ಕೇಳಬೇಕಿತ್ತು ನೀವು. ನಾನು ಪಿಟೀಲು ಬಾರಿಸ್ತಿದ್ದೆ ಇಗರ್ಜಿಯಲ್ಲಿ, ಆದಿತ್ಯವಾರದ ಪೂಜೆಗೆ. ಗೊತ್ತುಂಟಾ ನಿಮಗೆ?”

ಗೊತ್ತಿರಲಿಲ್ಲ. ಕುಶಲಕ್ಕ ಬಂದರಿನ ನಡುಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗಂಡ ಸತ್ತಾಗ ಅಳದ ಹಾಗೆ, ಬಾಯಿಬಿಟ್ಟು ಅತ್ತರು. ಹ್ಯೂಬರ್ಟರು ಸಮಾಧಾನ ಹೇಳಲಿಲ್ಲ. ಕಬ್ಬಿಣ ಮಾತ್ರ ಹೇಳಿದ ದಿನ ಹೇಳಿದಷ್ಟು ಕಳಿಸಿದರು.

ಏಪ್ರಿಲಿನಲ್ಲಿ ಹಳೆ ಸ್ಲ್ಯಾಬ್ ಒಡೆದರು. ಮೊದಲ ಪೆಟ್ಟು ಕುಶಲಕ್ಕನದ್ದೇ. ಹದಿನಾಲ್ಕು ಪೌಂಡಿನ ಸುತ್ತಿಗೆ ಎತ್ತಿ, ಕೈಯ ಚರ್ಮ ಸುಲಿಯುವವರೆಗೆ ಬಡಿದರು. ಯಾರೂ ತಡೆಯಲಿಲ್ಲ. ಪತ್ತನಾಜೆ ಬಂತು, ಹೋಯಿತು. ಚಾವಡಿಗೆ ಮಾಡಿನ ಬದಲು ತೆಂಗಿನ ಗರಿಯ ಮಡಲು ಹೊದೆಸಿತ್ತು. ಶಶಿಪ್ರಭಾ ಗಂಡನ ಮನೆಯಲ್ಲೇ ಗಂಡುಮಗು ಹೆತ್ತಳು. ಚೊಚ್ಚಲ ಹೆರಿಗೆಗೂ ಮಗಳನ್ನು ಕರೆಯದ ತಾಯಿ ಎಂದು ನೆಂಟರು ಪುನಃ ಪಿಸುಗುಟ್ಟಿದರು. ಈ ಸಲ ಕುಶಲಕ್ಕ, “ಹೌದು, ಕರೀಲಿಲ್ಲ. ಎಂತ ಈಗ?” ಅಂದರು.

ನವೆಂಬರಿನಲ್ಲಿ ಹೊಯ್ಗೆ ಬಂತು. ಲಾರಿ ಖಾಲಿ ಮಾಡುವ ಮೊದಲು ಕುಶಲಕ್ಕ ಮೇಲೆ ಹತ್ತಿ, ನಾಲ್ಕು ಮೂಲೆಯಿಂದ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡುವುದು. ನಕ್ಕ ಒಬ್ಬ ಡ್ರೈವರಿಗೆ ಕೆನ್ನೆಗೆ ಒಂದು ಬಿತ್ತು. ಹುಟ್ಟುಗುಣ ಎಲ್ಲಿಗೆ ಹೋಗ್ತದೆ. ಸ್ಲ್ಯಾಬ್ ಹಾಕಿ ಇಪ್ಪತ್ತೊಂದು ದಿನ ನೀರು ಕುಡಿಸಿದ ಮೇಲೆ, ಅಡಿಯಲ್ಲಿ ಊರೆ ಕೊಟ್ಟಿದ್ದ ಕಂಬ ತೆಗೆಯುವ ದಿನ ಬೆಳಿಗ್ಗೆ, ಕುಶಲಕ್ಕ ಅಣ್ಣು ಶೆಟ್ಟರ ಈಸಿಚೇರಿನ ಉಳಿದ ಮರಕ್ಕೆ ಹೊಸ ಬಟ್ಟೆ ಹೊಲಿಸಿ ತಂದರು. ಅವರು ಕೂತಿದ್ದ ಜಾಗದಲ್ಲೇ ಇಟ್ಟು ಕೂತರು.

“ಏಳಿ ಅಕ್ಕ, ಕಂಬ ತೆಗೆಯುವಾಗ ಅಡಿಯಲ್ಲಿ ಯಾರೂ ಇರಬಾರದು” ಅಂದ ರವೂಫ್.

“ಮಗಳು ಮಗುವನ್ನು ತರುವ ಮೊದಲು ನಾನು ಕೂರಬೇಕು. ಬೀಳುದಿದ್ದರೆ ನನ್ನ ಮೇಲೆ ಬೀಳಲಿ. ತೆಗೀರಿ ನೀವು.”

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಎಂಟು ತಿಂಗಳಿಂದ ಈ ಕಡೆ ಮುಖ ಹಾಕದಿದ್ದ ಚಿತ್ತರಂಜನ. ಬುಲೆಟ್ಟು ಇರಲಿಲ್ಲ, ನಡೆದೇ ಬಂದಿದ್ದ. ಎದುರಿನ ಹಲ್ಲು ಕಟ್ಟಿಸಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, “ನೀನು ಏಳು ಅಕ್ಕ. ಅಲ್ಲಿ ಕೂರಬೇಕಾದ್ದು ನಾನು” ಅಂದ.

ಕುಶಲಕ್ಕ ಅವನನ್ನು ನೋಡಿದರು. ಬೈಯಲಿಲ್ಲ. ಚೇರಿನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದರು.

“ಬಾ. ಇಬ್ಬರೂ ಕೂರುವ.”

ಅವನು ಬಂದು ನೆಲದ ಮೇಲೆ ಕೂತ. ಕೆಲಸದವರು ಒಂದು ತುದಿಯಿಂದ ಸುತ್ತಿಗೆ ಬಡಿಯುತ್ತಾ ಬಂದರು. ಒಂದೊಂದು ಕಂಬ ಕಳಚಿ ಬಿದ್ದಾಗಲೂ ಮೇಲಿಂದ ಸಣ್ಣ ದೂಳು ಉದುರಿ ಇಬ್ಬರ ತಲೆಗೂ ಬೀಳುತ್ತಿತ್ತು.

“ಹೊಯ್ಗೆ ನೋಡಿದ್ದೀಯಾ ಅಕ್ಕ?” ಅವನು ಮೇಲೆ ನೋಡುತ್ತಾ ಕೇಳಿದ.

“ಆರು ಲಾರಿ ನೆಕ್ಕಿದ್ದೇನೆ.”

ಕೊನೆಯ ಕಂಬಕ್ಕೆ ಸುತ್ತಿಗೆ ಬಿದ್ದಾಗ ಕುಶಲಕ್ಕ ತಮ್ಮನ ಮಣಿಕಟ್ಟನ್ನು ಎಲುಬು ಮುರಿಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಕಂಬ ಬಿತ್ತು. ಸ್ಲ್ಯಾಬ್ ನಿಂತಿತು. ಆಮೇಲೂ ಬಹಳ ಹೊತ್ತು ಅವರು ಆ ಕೈ ಬಿಡಲಿಲ್ಲ.